ಪುಕ್ಕಟೆ ಕ್ಲಿಕ್ಕಿನ ಲೆಕ್ಕ

(ಆಗಸ್ಟ್ 19, ವಿಶ್ವ ಛಾಯಾಗ್ರಹಣ ದಿನದಂದು ಕಲಬುರಗಿಯಲ್ಲಿ ಫೋಟೊಗ್ರಾಫರ್ ಗೆಳೆಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಅಂಕಿಗಳನ್ನು ಮತ್ತೊಮ್ಮೆ ಕೂಡಿಸಿ ನೋಡಿದ್ದೇನೆ.)

ಎಲ್ಲರಿಗೂ ಶರಣು.

ಈ ಸಭೆಯನ್ನು ಮೇ ತಿಂಗಳಲ್ಲಿ ಕರೆದಿದ್ದರೆ ನಾನೂ ಬರುತ್ತಿರಲಿಲ್ಲ, ನೀವೂ ಬರುತ್ತಿರಲಿಲ್ಲ. ಯಾವುದೋ ಕಲ್ಯಾಣ ಮಂಟಪದಲ್ಲಿ ಬೆವರು ಒರೆಸಿಕೊಳ್ಳುತ್ತಾ, ಫ್ಲಾಶ್ ಬ್ಯಾಟರಿ ಬದಲಾಯಿಸುತ್ತಾ ನಿಂತಿರುತ್ತಿದ್ದೆವು. ಆಗಸ್ಟಿನಲ್ಲಿ ಕೈಗೆ ಸ್ವಲ್ಪ ಬಿಡುವು. ಜೇಬಿಗೂ ಸ್ವಲ್ಪ ಬಿಡುವೇ. ಲೆಕ್ಕದ ಮಾತು ಕೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗಲ್ಲ.

ಈ ದಿನಕ್ಕೊಂದು ಕತೆ ಇದೆ. 1839 ರ ಆಗಸ್ಟ್ 19 ರಂದು ಪ್ಯಾರಿಸ್ಸಿನಲ್ಲಿ ಡಾಗೆರ್ ಎಂಬವರು ಕಂಡುಹಿಡಿದ ಫೋಟೊ ತೆಗೆಯುವ ವಿಧಾನವನ್ನು ಬಹಿರಂಗ ಮಾಡಿದರು. ಇದು ಜಗತ್ತಿಗೆ ನಮ್ಮ ಕೊಡುಗೆ ಎಂದಿತು ಫ್ರಾನ್ಸ್ ಸರ್ಕಾರ. ಇಷ್ಟನ್ನು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಆದರೆ ಡಾಗೆರ್ ಅದನ್ನು ಪುಕ್ಕಟೆ ಕೊಟ್ಟಿರಲಿಲ್ಲ. ಸರ್ಕಾರ ಅವರಿಗೆ ವರ್ಷಕ್ಕೆ 6,000 ಫ್ರಾಂಕ್ ಪಿಂಚಣಿ ಕಟ್ಟಿಕೊಟ್ಟಿತ್ತು. ಅವರ ಜೊತೆಗೆ ದುಡಿದು ಮೊದಲೇ ತೀರಿಹೋಗಿದ್ದ ನಿಯೆಪ್ಸ್ ಅವರ ಮಗನಿಗೆ 4,000 ಫ್ರಾಂಕ್. ಅಂದರೆ ಜಗತ್ತಿಗೆ ಪುಕ್ಕಟೆ ಸಿಕ್ಕಿದ್ದಕ್ಕೂ ಯಾರೋ ರೊಕ್ಕ ಕೊಟ್ಟಿದ್ದರು.

ನಮ್ಮ ಸೀಮೆಯ ಕತೆ ನನಗೆ ಇನ್ನೂ ಇಷ್ಟ. ಕಲಬುರಗಿ, ಬೀದರ್, ಯಾದಗಿರಿ ಎಲ್ಲ 1948 ರವರೆಗೆ ಹೈದರಾಬಾದ್ ನಿಜಾಮರ ಕೈಯಲ್ಲಿದ್ದ ನಾಡು. ಆ ಆಸ್ಥಾನಕ್ಕೆ ಫೋಟೊ ತೆಗೆದವರು ರಾಜಾ ದೀನ್ ದಯಾಳ್. ಆ ದೊಡ್ಡ ಹೆಸರು ಬರುವ ಮುಂಚೆ ಅವರು ಇಂದೋರಿನಲ್ಲಿ ಸರ್ಕಾರಿ ಕಾಮಗಾರಿ ಕಚೇರಿಯ ನೌಕರ. ಕೆಲಸ ಏನು ಗೊತ್ತಾ? ನಕಾಶೆ ಬರೆಯುವುದು, ಎಸ್ಟಿಮೇಟ್ ಹಾಕುವುದು. ನಮ್ಮ ಪೈಕಿ ಎಷ್ಟು ಜನ ಎಸ್ಟಿಮೇಟ್ ಹಾಕಿ ರೇಟು ಹೇಳುತ್ತೇವೆ? ನಾನಂತೂ ಮೊದಲ ಹದಿನಾಲ್ಕು ವರ್ಷ ಹಾಕಿದವನಲ್ಲ.

ಆಗ ನನ್ನ ರೇಟು ಹೇಗೆ ಹುಟ್ಟುತ್ತಿತ್ತು ಹೇಳಲಾ? ಪಕ್ಕದ ಸ್ಟುಡಿಯೊದವನು ಎಷ್ಟು ಹೇಳುತ್ತಾನೆ? 30,000. ಹಾಗಾದರೆ ನಾನು 28,000. ಮುಗಿಯಿತು. ಒಂದು ಸಲ ಚಹಾ ಕುಡಿಯುವಾಗ ಅವನನ್ನೇ ಕೇಳಿದೆ, ನೀನು 30,000 ಹೇಗೆ ಗೊತ್ತು ಮಾಡಿದೆ ಅಂತ. ಹಿಂದಿನ ವರ್ಷ ನಾನು ಹೇಳುತ್ತಿದ್ದ ರೇಟಿಗೆ ಸ್ವಲ್ಪ ಸೇರಿಸಿದ್ದನಂತೆ! ನಾನು ಅವನ ಬೆನ್ನು ನೋಡಿ ನಡೆಯುತ್ತಿದ್ದೆ, ಅವನು ನನ್ನ ಬೆನ್ನು ನೋಡಿ. ಇಬ್ಬರಿಗೂ ದಾರಿ ಗೊತ್ತಿರಲಿಲ್ಲ.

ನಾನು ಕೆಲಸ ಕಲಿತದ್ದು ಕಾಕಾನ ಸ್ಟುಡಿಯೊದಲ್ಲಿ. ರೀಲಿನ ಕೊನೆಯ ಕಾಲ. 36 ಫೋಟೊದ ರೀಲು. ಮದುವೆಗೆ ಹೊರಡುವಾಗ ಕಾಕಾ ರೀಲು ಎಣಿಸಿ ಕೈಗೆ ಕೊಡುತ್ತಿದ್ದ, ಬಂದ ಮೇಲೆ ಮತ್ತೆ ಎಣಿಸುತ್ತಿದ್ದ. ಒಂದೇ ಭಂಗಿಗೆ ಎರಡು ಸಲ ಒತ್ತಿದ್ದು ಗೊತ್ತಾದರೆ, "ಏನಲೇ, ರೀಲೇನ್ ನಿಮ್ಮಪ್ಪನ ಹೊಲದಾಗ ಬೆಳೀತದೇನು?" ಅಂತ ಎಲ್ಲರ ಮುಂದೆ ಬೈಗುಳ. ಅವನ ಮೇಜಿನ ಮೇಲೆ ಕೆಂಪು ಬಟ್ಟೆಯ ಬೈಂಡಿನ ಒಂದು ಉದ್ದ ವಹಿ ಇತ್ತು. ರೀಲು ಇಷ್ಟು, ತೊಳೆದದ್ದು ಇಷ್ಟು, ಪ್ರಿಂಟು ಇಷ್ಟು, ಆಲ್ಬಮ್ ಇಷ್ಟು. ಕೂಡಿಸಿ, ಕೆಳಗೆ ತನ್ನ ಕೂಲಿ ಬರೆದು, ಗಿರಾಕಿಗೆ ರೇಟು. ನಾಲ್ಕನೇ ಇಯತ್ತೆ ಓದಿದ ಮನುಷ್ಯ. ಅವನಿಗೆ ಲುಕ್ಸಾನು ಆದದ್ದು ನಾನು ನೋಡಿಲ್ಲ.

ಡಿಜಿಟಲ್ ಬಂತು, ವಹಿ ಮುಚ್ಚಿತು. ಎಣಿಸಲು ರೀಲೇ ಇಲ್ಲ, ಬರೆಯೋದು ಏನನ್ನ? ಕಾರ್ಡಿನಲ್ಲಿ ಎಷ್ಟು ಒತ್ತಿದರೂ ಖರ್ಚಿಲ್ಲ ಅಂತ ನಾವು ನಂಬಿದೆವು. ಗಿರಾಕಿಯೂ ನಂಬಿದ. "ಈಗೇನ್ ರೀಲಿಲ್ಲಲ್ರೀ, ಫುಕಟ್ ಬರ್ತಾವ, ಇನ್ನೊಂದ್ ನೂರ್ ಹೊಡೀರಿ" ಅಂತ ಬೀಗರು ಹೇಳಿದಾಗ ನಾವು ನಕ್ಕು ಹೊಡೆದೆವು.

ಆ ಫುಕಟ್ ಕ್ಲಿಕ್ಕನ್ನು ಒಮ್ಮೆ ತೂಕಕ್ಕೆ ಹಾಕೋಣ. ಸೋನಿ ಎ7 ಮಾರ್ಕ್ 3 ಇರಲಿ, ನಿಕಾನ್ ಡಿ850 ಇರಲಿ, ಶಟರಿಗೆ, ಅಂದರೆ ಪ್ರತಿ ಕ್ಲಿಕ್ಕಿಗೂ ತೆರೆದು ಮುಚ್ಚುವ ಪರದೆಗೆ, ಕಂಪನಿ ಹೇಳಿರುವ ಆಯಸ್ಸು 2,00,000 ಕ್ಲಿಕ್. ಕ್ಯಾನನ್ 5ಡಿ ಮಾರ್ಕ್ 4 ಕ್ಕೆ 1,50,000. ಇದು ಗ್ಯಾರಂಟಿ ಅಲ್ಲ, ಅಂದಾಜು. ಮೊದಲೇ ಹೋಗುವುದೂ ಉಂಟು, ಇನ್ನೊಂದಷ್ಟು ಎಳೆಯುವುದೂ ಉಂಟು. ಕ್ಯಾಮೆರಾದ ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾವನ್ನು, 1,60,000 ರೂಪಾಯಿಗೆ ಕೊಂಡಿದ್ದೀರಿ ಅಂದುಕೊಳ್ಳಿ. 2,00,000 ಕ್ಲಿಕ್ಕಿನಿಂದ ಭಾಗಿಸಿ. ಒಂದು ಕ್ಲಿಕ್ಕಿಗೆ 80 ಪೈಸೆ. ಬೀಗರ "ಇನ್ನೊಂದ್ ನೂರ್" ಅಂದರೆ 80 ರೂಪಾಯಿ. ಪರದೆ ಅಲುಗದ ಎಲೆಕ್ಟ್ರಾನಿಕ್ ಶಟರ್ ಹಾಕಿದರೆ ಸವೆಯಲ್ಲ ಅಂತ ಹಿಂದಿನ ಸಾಲಿನ ತಮ್ಮ ಹೇಳುತ್ತಿದ್ದಾನೆ. ಖರೆ. ಆದರೆ ಆ ನೂರನ್ನೂ ರಾತ್ರಿ ಕೂತು ಆರಿಸಬೇಕು, ಡಿಸ್ಕಿನಲ್ಲಿ ಇಡಬೇಕು. ಆ ರಾತ್ರಿ ಯಾರದು?

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ತೊಗರಿ ಬೆಳೆಯುವವನು. ರಾಶಿ ಮುಗಿಸಿ, ಗಂಜಿಗೆ (ಧಾನ್ಯದ ಮಾರುಕಟ್ಟೆಗೆ) ಒಯ್ದು, ಅಡತಿ ಅಂಗಡಿಯಿಂದ ಪಟ್ಟಿ ತೆಗೆದುಕೊಂಡು ಬಂದು ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡುತ್ತಿದ್ದ. ಬೀಜ, ಗೊಬ್ಬರ, ಎಣ್ಣೆ, ಆಳಿನ ಕೂಲಿ, ಹಮಾಲಿ ಕಳೆದು "ಇಷ್ಟು ಉಳೀತು" ಅನ್ನುತ್ತಿದ್ದ. ಅವ್ವ ಆರು ತಿಂಗಳು ಕಳೆ ಕಿತ್ತದ್ದು ಆ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಅವನೇ ರಾತ್ರಿ ಹೊಲ ಕಾಯ್ದದ್ದು ಇರುತ್ತಿರಲಿಲ್ಲ. ಕೇಳಿದರೆ, "ಅದು ಮನಿದಲ್ಲೇನು, ಅದಕ್ಕೇನ್ ಖರ್ಚು?"

ಬೆಂಬಲ ಬೆಲೆ ಶಿಫಾರಸು ಮಾಡುವ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಈ ಖರ್ಚನ್ನು ಮೂರು ಥರ ಲೆಕ್ಕ ಹಾಕುತ್ತದೆ. ಬೀಜ, ಗೊಬ್ಬರ, ಕೂಲಿ ಅಂತ ರೈತ ತೆತ್ತದ್ದು ಎ2. ಅದಕ್ಕೆ ಮನೆಮಂದಿಯ ದುಡಿಮೆಗೆ ಬೆಲೆ ಕಟ್ಟಿ ಸೇರಿಸಿದರೆ ಎ2 ಜೊತೆಗೆ ಎಫ್‌ಎಲ್. ಸ್ವಂತ ಹೊಲಕ್ಕೆ ಬಾಡಿಗೆ, ಸ್ವಂತ ಬಂಡವಾಳಕ್ಕೆ ಬಡ್ಡಿ ಹಿಡಿದರೆ ಸಿ2. ಸಿ2 ಮೇಲೆ ಅರ್ಧ ಸೇರಿಸಿ ಕೊಡಿ ಅಂತ ರೈತರು ಹೋರಾಡುತ್ತಿರುವುದು ನಿಮಗೆ ಗೊತ್ತೇ ಇದೆ. ನಾವು ತೊಗರಿ ನಾಡಿನ ಮಕ್ಕಳು, ಆ ಮಾತು ಕೇಳಿ ತಲೆ ಆಡಿಸುತ್ತೇವೆ. ಆಮೇಲೆ ಸ್ಟುಡಿಯೊಕ್ಕೆ ಬಂದು ನಮ್ಮ ಕೆಲಸಕ್ಕೆ ಎ2 ರೇಟು ಹೇಳುತ್ತೇವೆ.

ಹೌದಲ್ವಾ? "ಆಲ್ಬಮ್‌ಗೆ 9,000 ಕೊಟ್ಟೆ, ಹುಡುಗರಿಗೆ 8,000, ಗಾಡಿಗೆ 2,000. ಬಂದದ್ದು 30,000. ಉಳಿದದ್ದು 11,000." ಇದೇ ನಮ್ಮ ಲೆಕ್ಕ. ಇದು ಅಪ್ಪನ ಕಟ್ಟೆ ಲೆಕ್ಕ. ಕ್ಯಾಮೆರಾ ಮನೆಯದು, ಅಂಗಡಿ ಹೇಗೂ ಇದೆ, ನಾನು ಹೇಗೂ ಇದ್ದೇನೆ.

ನಾನು ಈಗ ಒಂದು ಮಾದರಿ ಹೇಳುತ್ತೇನೆ. ಅಂಕಿ ನನ್ನವು, ಸುತ್ತು ಮಾಡಿದ್ದೇನೆ. ನಿಮ್ಮ ಅಂಕಿ ಬೇರೆ ಇರುತ್ತವೆ, ಇರಲೇಬೇಕು.

ಮೊದಲು ಸಾಮಾನು. ಎರಡು ಬಾಡಿ 3,20,000. ಮೂರು ಲೆನ್ಸ್ 2,40,000. ಫ್ಲಾಶ್, ಲೈಟು 60,000. ವಿಡಿಯೊ ಅಲುಗದಂತೆ ಕ್ಯಾಮೆರಾ ಹಿಡಿಯುವ ಗಿಂಬಲ್ 30,000. ಕಂಪ್ಯೂಟರ್ 1,20,000. ಕಾರ್ಡು, ಬ್ಯಾಟರಿ, ಬ್ಯಾಗು 50,000. ಒಟ್ಟು 8,20,000. ಇದು ಒಂದೇ ದಿನದ ಖರ್ಚಲ್ಲ, ಒಂದೇ ವರ್ಷದ್ದೂ ಅಲ್ಲ. ಯಾವುದು ಎಷ್ಟು ವರ್ಷ ಬಾಳುತ್ತದೋ ಅಷ್ಟರಿಂದ ಭಾಗಿಸಬೇಕು. ನಾನು ವರ್ಷಕ್ಕೆ 65 ದಿನ ಶೂಟಿಂಗ್ ಮಾಡುತ್ತೇನೆ, ದಿನಕ್ಕೆ 1,500 ಕ್ಲಿಕ್ ಹಿಡಿದರೆ 97,500. ಎರಡು ಬಾಡಿಗಳಿಗೆ ಹಂಚಿದರೆ ಒಂದೊಂದಕ್ಕೆ 48,750. ಅಂದರೆ 2,00,000 ಮುಟ್ಟಲು ನಾಲ್ಕು ವರ್ಷ ಚಿಲ್ಲರೆ. ಹಾಗಾಗಿ ಕ್ಯಾಮೆರಾ ಬಾಡಿಯ ಆಯಸ್ಸು 4 ವರ್ಷ. ಕಂಪ್ಯೂಟರಿಗೂ 4. ಲೆನ್ಸಿಗೆ ಧೈರ್ಯವಾಗಿ 8. ಫ್ಲಾಶ್, ಗಿಂಬಲ್ 3. ಬ್ಯಾಟರಿ, ಕಾರ್ಡು 2. ಹೀಗೆ ಹಂಚಿದರೆ ವರ್ಷಕ್ಕೆ 80,000, 30,000, 30,000, 30,000, 25,000. ಕೂಡಿಸಿದರೆ 1,95,000 ರೂಪಾಯಿ ವರ್ಷಕ್ಕೆ ಸುಮ್ನೆ ಸವೆಯುತ್ತದೆ. ಯಾರೂ ಬಿಲ್ಲು ಕಳಿಸುವುದಿಲ್ಲ. ಅದಕ್ಕೇ ಕಾಣುವುದಿಲ್ಲ.

ಬ್ಯಾಟರಿಗೆ ಎರಡೇ ವರ್ಷ ಯಾಕೆ ಅಂತ ಬೇರೆ ಊರಿನವರು ಕೇಳಬಹುದು, ನೀವು ಕೇಳುವುದಿಲ್ಲ. ಕ್ಯಾಮೆರಾದ ಜೊತೆ ಬರುವ ಪುಸ್ತಕ ತೆರೆದು ನೋಡಿ. ಸಾಮಾನ್ಯವಾಗಿ 0 ಯಿಂದ 40 ಡಿಗ್ರಿ ಒಳಗೆ ಬಳಸಿ ಅಂತ ಬರೆದಿರುತ್ತದೆ. ನಮ್ಮ ಮೇ ತಿಂಗಳು ಆ ಪುಸ್ತಕ ಓದಿಲ್ಲ. ಕರಾವಳಿಯವರಿಗೆ ಲೆನ್ಸಿನ ಫಂಗಸ್ ಚಿಂತೆ, ನಮಗೆ ಬಿಸಿಲು ಮತ್ತು ಧೂಳು. ಶಹಾಬಾದ್, ಸೇಡಂ ಕಡೆ ಮದುವೆ ಮಾಡಿ ಬಂದ ಮೇಲೆ ಸೆನ್ಸರ್ ಮೇಲೆ ಏನಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಸರ್ವಿಸಿಗೆ ಹೈದರಾಬಾದಿಗೆ ಕಳಿಸುವ ಖರ್ಚೂ ನಮ್ಮದೇ.

ಇಲ್ಲಿ ಎರಡು ಎಚ್ಚರ. ಆದಾಯ ತೆರಿಗೆಯ ಲೆಕ್ಕದಲ್ಲಿ ಕ್ಯಾಮೆರಾಕ್ಕೆ ಸವಕಳಿ ವರ್ಷಕ್ಕೆ 15 ಪರ್ಸೆಂಟ್, ಅದೂ ಉಳಿದ ಮೊತ್ತದ ಮೇಲೆ. ಕಂಪ್ಯೂಟರಿಗೆ 40. ಸಿಎ ಬರೆದುಕೊಟ್ಟ ಹಾಳೆಯನ್ನೇ ನಿಮ್ಮ ಖರ್ಚು ಅಂದುಕೊಂಡರೆ, 1,60,000 ದ ಬಾಡಿ ನಾಲ್ಕು ವರ್ಷದ ನಂತರ ಪುಸ್ತಕದಲ್ಲಿ ಇನ್ನೂ 83,500 ರೂಪಾಯಿ ಬಾಳುತ್ತಿರುತ್ತದೆ. ಮಾರುಕಟ್ಟೆಯಲ್ಲಿ ಅಷ್ಟು ಕೊಡುವವರು ಸಿಕ್ಕರೆ ನನ್ನ ಎರಡೂ ಬಾಡಿ ಇವತ್ತೇ ಕೊಡುತ್ತೇನೆ. ಎರಡನೆಯದು, ಸಾಲದ ಕಂತು. ಕೆಲವರು ಕಂತನ್ನೂ ಬರೆಯುತ್ತಾರೆ, ಸವಕಳಿಯನ್ನೂ ಬರೆಯುತ್ತಾರೆ. ಅದು ಒಂದೇ ಖರ್ಚನ್ನು ಎರಡು ಸಲ ಬರೆದಂತೆ. ಅಸಲು ಸವಕಳಿಯೊಳಗೆ ಬಂತು. ಬಡ್ಡಿಯನ್ನು ಮಾತ್ರ ಬೇರೆ ಬರೆಯಿರಿ.

ಇನ್ನು ಅಂಗಡಿ. ಬಾಡಿಗೆ ತಿಂಗಳಿಗೆ 9,000, ವರ್ಷಕ್ಕೆ 1,08,000. ಕರೆಂಟು 18,000. ಫೋನು, ಇಂಟರ್ನೆಟ್ 18,000. ಎಡಿಟಿಂಗ್ ಸಾಫ್ಟ್‌ವೇರಿನ ಚಂದಾ 25,000. ಹಾರ್ಡ್ ಡಿಸ್ಕ್ 30,000. ಸರ್ವಿಸು, ವಿಮೆ 25,000. ಬೋರ್ಡು, ಜಾಹೀರಾತು, ತೋರಿಸಲು ಇಡುವ ಆಲ್ಬಮ್ 20,000. ಸಿಎ, ಲೈಸೆನ್ಸು 10,000. ವಿಚಾರಿಸಲು ಕರೆದವರ ಮನೆಗೆ ಓಡಾಡುವ ಬೈಕಿನ ಪೆಟ್ರೋಲು 24,000. ಸಾಲದ ಬಡ್ಡಿ 32,000. ಎಲ್ಲ ಸೇರಿ 3,10,000. ಅಂಗಡಿಯ ಹುಡುಗನ ಪಗಾರ ಇದರಲ್ಲಿ ಇಲ್ಲ. ಪಾಸ್‌ಪೋರ್ಟ್ ಫೋಟೊ, ಲ್ಯಾಮಿನೇಷನ್, ಫ್ರೇಮು ಅಂತ ಕೌಂಟರಿನಲ್ಲಿ ಬರುವುದು ಅವನ ಪಗಾರಕ್ಕೆ ಸರಿ ಹೋಗುತ್ತದೆ, ಹಾಗಾಗಿ ಎರಡನ್ನೂ ಬಿಟ್ಟಿದ್ದೇನೆ.

ಡಿಸ್ಕಿಗೆ 30,000 ಜಾಸ್ತಿ ಆಯ್ತು ಅಂತ ಅನ್ನಿಸಿದವರಿಗೆ ನನ್ನದೇ ಒಂದು ತಪ್ಪು ಹೇಳುತ್ತೇನೆ. ಆರೇಳು ವರ್ಷದ ಹಿಂದೆ, ಒಂದೇ ಡಿಸ್ಕಿನಲ್ಲಿ ಮೂರು ಮದುವೆ ಇಟ್ಟಿದ್ದೆ. ಬ್ಯಾಕಪ್ ನಾಳೆ ಮಾಡಿದರಾಯ್ತು ಅಂತ. ಮೇಜಿನಿಂದ ಬಿತ್ತು. ಒಳಗೆ ಟಿಕ್ ಟಿಕ್ ಅನ್ನುವ ಸದ್ದು, ಅಷ್ಟೇ. ಎರಡು ಮದುವೆ ಕಾರ್ಡುಗಳಲ್ಲಿ ಉಳಿದಿದ್ದವು. ಮೂರನೆಯದರ ಕಾರ್ಡು ಫಾರ್ಮ್ಯಾಟ್ ಆಗಿ, ಮೇಲೆ ಬೇರೆ ಮದುವೆ ಬರೆದಾಗಿತ್ತು. ಅರಿಶಿನದ ಫೋಟೊ ಸಿಕ್ಕವು, ಅಕ್ಷತೆಯದು ಸಿಗಲಿಲ್ಲ. ಆ ಹುಡುಗಿಯ ಅಪ್ಪ ನನ್ನನ್ನು ಬೈಯಲೂ ಇಲ್ಲ. ಕುರ್ಚಿಯಲ್ಲಿ ಸುಮ್ನೆ ಕೂತು, ಸ್ವಲ್ಪ ಹೊತ್ತಿನ ಮೇಲೆ ಎದ್ದು ಹೋದರು. ಪೂರ್ತಿ ರೊಕ್ಕ ವಾಪಸ್ ಕೊಟ್ಟೆ. ಈಗಲೂ ಆ ಓಣಿಯಲ್ಲಿ ಹೋಗುವಾಗ ಬೈಕು ತಾನಾಗೇ ಜೋರಾಗುತ್ತದೆ.

ಹಾಗಾಗಿ ಲೆಕ್ಕ ಹೀಗೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು (ತೆಗೆದ ಹಾಗೇ ಇರುವ ಕಚ್ಚಾ ಫೋಟೊ) ಸುಮಾರು 28 ಎಂಬಿ. ಎರಡು ದಿನದ ಮದುವೆಗೆ 3,000 ಫೋಟೊ ಅಂದರೆ 84 ಜಿಬಿ. 4ಕೆ ವಿಡಿಯೊ ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ತೆಗೆದರೆ ಗಂಟೆಗೆ 45 ಜಿಬಿ, ಆರು ಗಂಟೆಗೆ 270. ಒಟ್ಟು 354. ಎರಡು ಪ್ರತಿ ಇಟ್ಟರೆ ಒಂದು ಮದುವೆಗೆ 700 ಜಿಬಿ ದಾಟುತ್ತದೆ. ಎಲ್ಲವನ್ನೂ ಕೊನೆತನಕ ಇಡುತ್ತೇನೆ ಅಂದರೆ 30,000 ಸಾಲುವುದೇ ಇಲ್ಲ. ಅದಕ್ಕೆ ನಾನು ಕರಾರು ಚೀಟಿಯಲ್ಲಿ ಬರೆಯುತ್ತೇನೆ: ಆಲ್ಬಮ್ ಕೊಟ್ಟು ಆರು ತಿಂಗಳಾದ ಮೇಲೆ ಕಚ್ಚಾ ವಿಡಿಯೊ ಇಡುವುದಿಲ್ಲ.

ಈಗ ಎಫ್‌ಎಲ್, ಮನೆಯವನ ಕೂಲಿ. ನಾನು ನನಗೆ ತಿಂಗಳಿಗೆ 30,000 ಪಗಾರ ಬರೆದುಕೊಂಡೆ. ಮೊದಲ ಸಲ ಬರೆಯುವಾಗ ನಾಚಿಕೆ ಆಯಿತು, ಕಳ್ಳತನ ಮಾಡಿದ ಹಾಗೆ. ಹೆಂಡತಿ ಹಿಂದೆ ನಿಂತು ನೋಡಿ, "ಇದು ನನ್ನ ಕೈಗೆ ಯಾವಾಗ ಬರ್ತದ?" ಅಂದಳು. ವರ್ಷಕ್ಕೆ 3,60,000.

ಸವಕಳಿ 1,95,000, ಅಂಗಡಿ 3,10,000, ನಾನು 3,60,000. ಒಟ್ಟು 8,65,000 ರೂಪಾಯಿ. ಒಂದೂ ಮದುವೆ ಮಾಡದಿದ್ದರೂ ಇದು ಹೋಗುವ ಖರ್ಚು.

ಇದನ್ನು ಎಷ್ಟರಿಂದ ಭಾಗಿಸಬೇಕು? ನಾವು ಜಾಸ್ತಿ ಎಡವುವುದು ಇಲ್ಲೇ. ವರ್ಷಕ್ಕೆ 365 ದಿನ, ವಾರಕ್ಕೊಂದು ರಜೆ, ಹಬ್ಬದ ರಜೆ ಕಳೆದರೆ 300, ಅಂತ ನೌಕರಿಯವರ ಹಾಗೆ ಎಣಿಸಬೇಡಿ. ಪಂಚಾಂಗ ತೆಗೆಯಿರಿ. ಆಷಾಢ ಇಲ್ಲ. ಪಿತೃಪಕ್ಷ ಇಲ್ಲ. ಡಿಸೆಂಬರ್ ಅರ್ಧದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ಮುಸ್ಲಿಂ ಮನೆಗಳಲ್ಲಿ ರಂಜಾನ್, ಮೊಹರಂ ತಿಂಗಳು ಶಾದಿ ಇಡುವುದು ಕಡಿಮೆ. ಉಳಿದ ತಿಂಗಳಲ್ಲಿ ಒಳ್ಳೆ ಮುಹೂರ್ತದ ದಿನ ಒಂದೇ ತಾರೀಖಿಗೆ ನಾಲ್ಕು ಜನ ಕೇಳುತ್ತಾರೆ. ನಾನು ಒಬ್ಬನೇ. ಮೂರು ಹೋಯಿತು. ಹೀಗೆ ಸೋಸಿದರೆ ನನಗೆ ಉಳಿಯುವುದು 65 ದಿನ. ಎರಡು ದಿನದ ಮದುವೆಗೆ ಐದು ದಿನ ಕಂಪ್ಯೂಟರ್ ಮುಂದೆ ಕೂರಬೇಕು ಅನ್ನುವುದನ್ನು ಮರೆಯಬೇಡಿ. 32 ಮದುವೆಗೆ 160 ದಿನ ಅಲ್ಲೇ ಹೋಗುತ್ತವೆ. ನಿಮಗೆಷ್ಟು ದಿನ ಅನ್ನುವುದಕ್ಕೆ ಊಹೆ ಬೇಡ. ಹೋದ ವರ್ಷದ ಡೈರಿ ತೆಗೆದು ಎಣಿಸಿ. ಎಣಿಸಿದವರೆಲ್ಲ ನನಗೆ ಫೋನು ಮಾಡಿ, "ಇಷ್ಟೇ ಏನ್ರಿ?" ಅಂದಿದ್ದಾರೆ.

8,65,000 ವನ್ನು 65 ರಿಂದ ಭಾಗಿಸಿದರೆ ದಿನಕ್ಕೆ 13,300. ನಾನು ಕ್ಯಾಮೆರಾ ಹೆಗಲಿಗೆ ಹಾಕಿ ಹೊಸ್ತಿಲು ದಾಟಿದರೆ ಈ ಮೊತ್ತ ಬರಲೇಬೇಕು. ಇನ್ನೂ ಆಲ್ಬಮ್ ಸೇರಿಲ್ಲ.

ಅರಿಶಿನ, ಮದುವೆ ಸೇರಿ ಎರಡು ದಿನದ ಕೆಲಸ ಅಂದುಕೊಳ್ಳಿ. ನನ್ನ ಎರಡು ದಿನ 26,600. ಇನ್ನೊಬ್ಬ ಫೋಟೊಗ್ರಾಫರಿಗೆ 6,000, ವಿಡಿಯೊದವನಿಗೆ 8,000, ಲೈಟು ಹಿಡಿಯುವ ಹುಡುಗನಿಗೆ 1,600. 40 ಶೀಟಿನ ಆಲ್ಬಮ್, ಬಾಕ್ಸು, ಪ್ಯಾಡು ಸೇರಿ ಲ್ಯಾಬಿಗೆ 9,000. ವಿಡಿಯೊ ಎಡಿಟಿಂಗ್ ಹೊರಗೆ ಕೊಟ್ಟರೆ 6,000. ಗಾಡಿ 2,500. ಪೆನ್‌ಡ್ರೈವ್ 600. ಈ ಕೈಯಿಂದ ಹೋಗುವ ಖರ್ಚು 33,700. ಒಟ್ಟು 60,300. ಇದು ನನ್ನ ಅಸಲು. ಇದರ ಮೇಲೆ ಹತ್ತು ಪರ್ಸೆಂಟ್ ಲಾಭ ಇಟ್ಟು 66,000 ಹೇಳುತ್ತೇನೆ. ಪಗಾರ ಬೇರೆ, ಲಾಭ ಬೇರೆ. ಹಳೆಯ ಬಾಡಿ ಹೋದಾಗ ಹೊಸದು ಹಳೆಯ ಬೆಲೆಗೆ ಸಿಗುವುದಿಲ್ಲ, ಕೊರೊನಾದಂಥ ವರ್ಷ ಮತ್ತೆ ಬರುವುದಿಲ್ಲ ಅಂತ ಯಾರೂ ಬರೆದುಕೊಟ್ಟಿಲ್ಲ. ಲಾಭ ಇರುವುದು ಅದಕ್ಕೆ.

ಈಗ ಗಿರಾಕಿ ಕೂತಿದ್ದಾರೆ. "66 ಜಾಸ್ತಿ ಆಯ್ತು ಅಣ್ಣಾರ. ಹತ್ತ್ ಪರ್ಸೆಂಟ್ ಕಡಿಮಿ ಮಾಡ್ರಿ, ನಾಲ್ಕ್ ಮಂದಿಗಿ ಹೇಳ್ತೀವಿ." ಹತ್ತು ಪರ್ಸೆಂಟ್ ಅಂದರೆ ಏನು ಮಹಾ, ಅಲ್ವಾ? 6,600. ಆಗ ರೇಟು 59,400. ನನ್ನ ಅಸಲು 60,300. ಲಾಭ ಪೂರ್ತಿ ಹೋಗಿ ಮೇಲೆ 900 ರೂಪಾಯಿ ನನ್ನ ಕೈಯಿಂದ. ಆ ಹತ್ತು ಪರ್ಸೆಂಟ್ ಅವರ ಖರ್ಚಿನ ಹತ್ತನೇ ಒಂದು ಪಾಲು, ನನಗೆ ಅದು ಪೂರ್ತಿ ಲಾಭ. ಈ ಲೆಕ್ಕ ಗೊತ್ತಿಲ್ಲದ ಕಾಲದಲ್ಲಿ ನಾನು ಎಷ್ಟು ಮದುವೆಗೆ ಹೀಗೆ ನಕ್ಕು ಹೂಂ ಅಂದಿದ್ದೇನೋ.

ಹಾಗಾದರೆ 50,000 ಕ್ಕಿಂತ ಮೇಲೆ ಆಗುವುದೇ ಇಲ್ಲ ಅನ್ನುವವರನ್ನು ಕಳಿಸಿಬಿಡಬೇಕಾ? ಬೇಡ. ರೇಟು ಇಳಿಸುವ ಬದಲು ಕೆಲಸ ಇಳಿಸಿ. ಹೋದ ವರ್ಷ ಜೇವರ್ಗಿ ಕಡೆಯ ಒಂದು ಮನೆಯವರು ಬಂದಿದ್ದರು. ಅರಿಶಿನದ ದಿನ ನಾವು ಬರುವುದಿಲ್ಲ, ಮನೆ ಹುಡುಗರೇ ಮೊಬೈಲಿನಲ್ಲಿ ತೆಗೆಯಲಿ ಅಂದೆ. ನನ್ನ ಒಂದು ದಿನ, ಮೂವರ ಒಂದು ದಿನದ ಕೂಲಿ ಸೇರಿ 21,100 ಕಡಿಮೆ ಆಯಿತು. ಅಸಲು 39,200, ರೇಟು 43,000. ಅವರಿಗೆ ಖುಷಿ. ಉಳಿದ ರೊಕ್ಕದಲ್ಲಿ ಅಜ್ಜಿಗೆ ಅಂತ ಒಂದು ಸಣ್ಣ ಆಲ್ಬಮ್ ಬೇರೆ ಮಾಡಿಸಿದರು. ನನ್ನ ಲಾಭದ ಪಾಲು ಹಾಗೇ ಉಳಿಯಿತು.

ಖಾಲಿ ದಿನದ ಮಾತು ಸ್ವಲ್ಪ ಬೇರೆ. ಧನುರ್ಮಾಸದಲ್ಲಿ ತೊಟ್ಟಿಲ ಕಾರ್ಯಕ್ರಮ, ಜವಳ, ಕುಬಸ ಬಂದರೆ 13,300 ಹಿಡಿದುಕೊಂಡು ಕೂರಬೇಡಿ. ಆ ದಿನ ಹೇಗೂ ಖಾಲಿ ಹೋಗುವುದು. ಕೈಯಿಂದ ಹೋಗುವ ಖರ್ಚು ಬಂದು, ಮೇಲೆ ಏನಾದರೂ ಬಂದರೆ ಅದು ಬಂದಷ್ಟೇ. ಆದರೆ ಆ ರೇಟನ್ನು ವೈಶಾಖದ ಮುಹೂರ್ತಕ್ಕೆ ಎಳೆದು ತರಲು ಬಿಡಬೇಡಿ. "ಅವರ ಮನಿ ಕುಬಸಕ್ಕ ಇಷ್ಟೇ ತೊಗೊಂಡ್ರಿ" ಅನ್ನುವವರು ಬಂದೇ ಬರುತ್ತಾರೆ.

ಜಿಎಸ್‌ಟಿ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ, ನಿಮ್ಮ ಮುಖ ನೋಡಿದರೆ ಊಟದ ಹೊತ್ತಾಗಿದೆ. ನಮ್ಮ ರಾಜ್ಯದಲ್ಲಿ ಸೇವೆ ಕೊಡುವವರು ವರ್ಷಕ್ಕೆ 20 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಮಾಡಿಸಬೇಕು. ವಹಿವಾಟು, ಲಾಭ ಅಲ್ಲ. ನನ್ನ 32 ಮದುವೆಯನ್ನು 66,000 ದಿಂದ ಗುಣಿಸಿ. 21,12,000. ದಾಟಿಯೇ ಬಿಟ್ಟೆ! ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಲ್ಯಾಬಿಗೆ, ಹುಡುಗರಿಗೆ, ಎಡಿಟಿಂಗಿಗೆ, ಗಾಡಿಗೆ ಹೋಗುವ ರೊಕ್ಕ, ಆದರೂ ಎಣಿಕೆಗೆ ಬಂತು. ನೋಂದಣಿ ಆದರೆ 18 ಪರ್ಸೆಂಟ್, 66,000 ಕ್ಕೆ 11,880. ಮದುವೆ ಮನೆಯವರಿಗೆ ಅದು ವಾಪಸ್ ಸಿಗುವುದಿಲ್ಲ, ನಿಮಗೆ ಕ್ಯಾಮೆರಾ ಕೊಂಡಾಗ ಕಟ್ಟಿದ ತೆರಿಗೆಯ ಹೊಂದಾಣಿಕೆ ಸಿಗುತ್ತದೆ, ಅಂದರೆ ಕಟ್ಟಬೇಕಾದ ತೆರಿಗೆಯಲ್ಲಿ ಅದನ್ನು ಕಳೆದುಕೊಳ್ಳಬಹುದು. 50 ಲಕ್ಷದೊಳಗಿನವರಿಗೆ ಪೂರ್ತಿ ವಹಿವಾಟಿನ ಮೇಲೆ 6 ಪರ್ಸೆಂಟ್ ಕಟ್ಟುವ ಕಾಂಪೊಸಿಷನ್ ದಾರಿಯೂ ಇದೆ, ಅದನ್ನು ಗಿರಾಕಿಯಿಂದ ಬೇರೆ ವಸೂಲು ಮಾಡುವಂತಿಲ್ಲ, ಹೊಂದಾಣಿಕೆಯೂ ಇಲ್ಲ. ಯಾವುದು ನಿಮಗೆ ಸರಿ ಅಂತ ಸಿಎ ಹತ್ತಿರ ಕೂತು ಕೇಳಿ. ರೇಟು ಹೇಳಿದ ಮೇಲಲ್ಲ, ಹೇಳುವ ಮೊದಲು.

ಹಾಗೇ ಕರಾರು ಚೀಟಿ. ಫೋಟೊ ತೆಗೆದವನು ನಾನು, ಹಕ್ಕು ನನ್ನದೇ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. 1957 ರ ಕಾಪಿರೈಟ್ ಕಾಯ್ದೆಯ 17 ನೇ ಕಲಂ ಪ್ರಕಾರ, ಯಾರೋ ರೊಕ್ಕ ಕೊಟ್ಟು ಹೇಳಿ ತೆಗೆಸಿದ ಫೋಟೊದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ನಿಮ್ಮ ಇನ್‌ಸ್ಟಾಗ್ರಾಮಿಗೆ ಹಾಕಲು ಅವರ ಒಪ್ಪಿಗೆ ಇದೆ ಅನ್ನುವುದನ್ನು ಚೀಟಿಯಲ್ಲೇ ಬರೆಸಿಕೊಳ್ಳಿ. ದಾಲ್ ಮಿಲ್ಲಿನವರು ಪಾಕೀಟಿನ ಮೇಲೆ ಹಾಕಲು ಬೇಳೆಯ ಫೋಟೊ ಕೇಳಿದಾಗ, ಎಲ್ಲೆಲ್ಲಿ, ಎಷ್ಟು ವರ್ಷ ಬಳಸುತ್ತಾರೆ ಅನ್ನುವುದೂ ರೇಟಿನ ಭಾಗ ಆಗಬೇಕು. ಅದು ಮದುವೆಗಿಂತ ಬೇರೆ ಲೆಕ್ಕ, ಇನ್ನೊಂದು ದಿನ ಮಾತಾಡೋಣ. ಉದ್ರಿಯ ವಿಷಯಕ್ಕೆ ಒಂದೇ ಮಾತು: ಆಲ್ಬಮ್ ಲ್ಯಾಬಿಗೆ ಕಳಿಸುವ ಮೊದಲು ಕೈಯಿಂದ ಹೋಗುವ ಖರ್ಚು ಪೂರ್ತಿ ಬಂದಿರಲಿ. ನನ್ನ ಕಪಾಟಿನಲ್ಲಿ ಐದು ಆಲ್ಬಮ್ ಇವೆ. ಅದರಲ್ಲೊಂದು ಜೋಡಿಯ ಮಗು ಈಗ ಶಾಲೆಗೆ ಹೋಗುತ್ತಿದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಆಳಂದ ಕಡೆಯ ಒಬ್ಬ ಹುಡುಗ ಎದ್ದು, "ಸರ, ನಮ್ಮೂರಾಗ ಹದಿನೈದ್ ಸಾವಿರಕ್ಕ ಮಾಡವ್ರ ಅದಾರ. ನಿಮ್ಮ ಲೆಕ್ಕ ಹೇಳಿದ್ರ ನಗ್ತಾರ. ನಾ ಏನ್ ಮಾಡ್ಲಿ?" ಅಂದ. ಒಳ್ಳೆಯ ಪ್ರಶ್ನೆ. ನನ್ನ 13,300 ಅವನ ಲೆಕ್ಕ ಅಲ್ಲ. ಅವನಿಗೆ ಅಂಗಡಿ ಬಾಡಿಗೆ ಇಲ್ಲ, ಒಂದೇ ಬಾಡಿ, ಊರಲ್ಲೇ ಕೆಲಸ, ಗಾಡಿ ಖರ್ಚಿಲ್ಲ. ಅವನ ದಿನದ ಮೊತ್ತ 6,000 ಇರಬಹುದು, 5,000 ಇರಬಹುದು. ಆ ಮೊತ್ತ ಕೂಡಿಸಿ, ಆಲ್ಬಮ್ ಸೇರಿಸಿ 15,000 ದೊಳಗೆ ಬಂದರೆ ಧಾರಾಳವಾಗಿ ಮಾಡಲಿ. ಬರದಿದ್ದರೆ ಖಾಲಿ ದಿನ ಬಿಟ್ಟು ಬೇರೆ ದಿನ ಆ 15,000 ದ ಮದುವೆ ಹಿಡಿಯುವುದು ನಷ್ಟವೇ. ಮಾಡುತ್ತಿರುವವರು ಎಷ್ಟು ವರ್ಷ ಮಾಡುತ್ತಾರೆ ಅಂತ ನೋಡು ಅಂದೆ. ಅವರ ಕ್ಯಾಮೆರಾದ ಶಟರ್ ಹೋದ ದಿನ ಗೊತ್ತಾಗುತ್ತದೆ.

ಕೊನೆಗೆ ಬೀದರಿನಿಂದ ಬಂದಿದ್ದ ತಂಗಿಯೊಬ್ಬಳು ನಗುತ್ತಾ ಕೇಳಿದಳು. "ಅಣ್ಣಾ, ಮನಿ ಮಂದಿ ಮದಿವಿಗಿ ಎಷ್ಟ್ ಹಚ್ತೀರಿ?"

ಹೋದ ವರ್ಷ ನಮ್ಮ ಅಕ್ಕನ ಮಗಳ ಮದುವೆ ಆಯಿತು. "ಮಾಮಾ ಇದ್ದ ಮ್ಯಾಲ ಬ್ಯಾರೆ ಫೋಟೊಗ್ರಾಫರ್ ಯಾಕ?" ಅಂದಳು ಹುಡುಗಿ. ಎರಡು ದಿನ ನಿಂತು ತೆಗೆದೆ. ರೊಕ್ಕ ಕೇಳಲಿಲ್ಲ, ಕೇಳುವ ಹಾಗೂ ಇಲ್ಲ. ಮನೆಗೆ ಬಂದು ವಹಿ ತೆಗೆದು, ಖರ್ಚಿನ ಕಡೆ "ಮುಯ್ಯಿ, 60,300" ಅಂತ ಬರೆದೆ. ಮುಂದೆ ಒಂದು ದಿನ ಅಕ್ಕ ಸ್ಟುಡಿಯೊಕ್ಕೆ ಬಂದವಳು ಆ ಪುಟ ನೋಡಿದಳು. "ಯಪ್ಪಾ, ಇಷ್ಟ್ ಮುಯ್ಯಿ ಬೀಗರೂ ಮಾಡಿಲ್ಲಲ್ಲೋ!" ಅಂತ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮರುವಾರ ಅವಳ ಹೊಲದ ತೊಗರಿಬೇಳೆ ಹತ್ತು ಕಿಲೋ ಬಂತು. ಅದನ್ನೂ ತೂಗಿ, ಅವತ್ತಿನ ಗಂಜಿನ ರೇಟು ಹಾಕಿ, ಜಮಾ ಕಡೆ ಬರೆದುಕೊಂಡೆ.